ಒಳಗೆ ಯಾರಿದ್ದೀರಿ?

ಸಮ್ಮಟಿಗಕ್ಕ ಕೈ ಎತ್ತಿದರೆ ಗೋಡೆಗಳು ತಾವಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು ಎಂದು ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು. ಗೋಡೆಗಳು ಸರಿಯುತ್ತಿರಲಿಲ್ಲ; ನಿಂತಲ್ಲೇ ಬೆವರುತ್ತಿದ್ದವು, ಅಷ್ಟೇ. ಆಕೆಯ ಸಮ್ಮಟಿಗೆ, ಅಂದರೆ ಕಲ್ಲು ಒಡೆಯುವ ಆ ದೊಡ್ಡ ಸುತ್ತಿಗೆ, ಎಷ್ಟು ಭಾರವಿತ್ತೆಂದರೆ ಅದನ್ನು ಕೆಳಗಿಟ್ಟ ಜಾಗ ಮುಂದಿನ ಮಳೆಗೆ ಕೆರೆಯಾಗುತ್ತಿತ್ತು. ಹೆಂಡತಿಯನ್ನು ಬಡಿಯುತ್ತಿದ್ದ ಒಬ್ಬ ಗಾರೆ ಕೆಲಸದವನ ಕೆನ್ನೆಗೆ ಆಕೆ ಒಮ್ಮೆ ಬರಿಗೈಯಲ್ಲೇ ಬಿಟ್ಟಿದ್ದಳು. ಅವತ್ತು ಎಡಕ್ಕೆ ತಿರುಗಿದ ಅವನ ಮುಖ ಕೊನೆಯವರೆಗೂ ಸರಿಯಾಗಿ ಮುಂದಕ್ಕೆ ಬರಲಿಲ್ಲ. ಎದುರಿನವರ ಹತ್ತಿರ ಮಾತಾಡಬೇಕಾದರೆ, ಪಾಪ, ಅವರಿಗೆ ಎಡಭುಜ ತೋರಿಸಿ ನಿಲ್ಲಬೇಕಾಗಿತ್ತು. ಹೆಂಡತಿ ಮಾತ್ರ ಆಮೇಲೆ ಅವನ ಬಲಗಡೆಯಲ್ಲೇ ಓಡಾಡಿಕೊಂಡು ನೆಮ್ಮದಿಯಾಗಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ಹಿಡಿದವರ ಕೇರಿ ಅದು. ಊರಿನಲ್ಲಿ ಯಾವ ಹಳೆಯ ಕಟ್ಟಡ ಬೀಳಬೇಕಾದರೂ ಈ ಕೇರಿಯ ಗ್ಯಾಂಗೇ ಹೋಗಬೇಕು. ಅಜ್ಜಂದಿರ ಕಾಲದಲ್ಲಿ ಕಾಲುವೆಯ ದಡದಲ್ಲಿ ಬಿಡಾರ ಹೂಡಿದವರು, ಕೆಡವಿದ ಕಡೆಯಿಂದ ಒಂದು ಇಟ್ಟಿಗೆ, ಒಂದು ತೊಲೆ, ಒಂದು ಕಿಟಕಿ ಎಂದು ಹೊತ್ತು ತಂದು ತಂದು ಮನೆ ಕಟ್ಟಿಕೊಂಡಿದ್ದರು. ಹೀಗಾಗಿ ಊರಿನಲ್ಲಿ ಸತ್ತುಹೋದ ಕಟ್ಟಡಗಳೆಲ್ಲ ಈ ಕೇರಿಯಲ್ಲಿ ಚೂರುಚೂರಾಗಿ ಬದುಕಿದ್ದವು. ಸಮ್ಮಟಿಗಕ್ಕನ ಬಾಗಿಲು ಹಳೆಯ ಕೋರ್ಟಿನದು. ಮಕ್ಕಳು ಸುಳ್ಳು ಹೇಳಿ ಆ ಬಾಗಿಲು ದಾಟಿದರೆ ಅದು ತಾನಾಗಿಯೇ ಕಿರುಗುಟ್ಟುತ್ತಿತ್ತಂತೆ. ಪಕ್ಕದ ಮನೆಯ ಕಿಟಕಿ ಜೈಲಿನದು. ಬೀದಿ ಕೊನೆಯ ಪಾಯಿಖಾನೆಯ ಬಾಗಿಲ ಮೇಲೆ ‘ವೈದ್ಯರು ಒಳಗಿದ್ದಾರೆ, ದಯವಿಟ್ಟು ಕಾಯಿರಿ’ ಎಂಬ ಹಲಗೆ ಹಾಗೆಯೇ ಇತ್ತು. ಜನ ಮರ್ಯಾದೆಯಿಂದ ಕಾಯುತ್ತಿದ್ದರು.

ಆ ಕಸುಬಿಗೆ ಒಂದು ಕಟ್ಟುಪಾಡಿತ್ತು. ಅದನ್ನು ಹಾಕಿದವಳು ಸಮ್ಮಟಿಗಕ್ಕನೇ, ಹಾಕಿಸಿದ್ದು ಆಕೆಯ ಗಂಡನ ಸಾವು. ಮದುವೆಯಾಗಿ ಕೆಲವು ವರ್ಷಗಳಾಗಿ, ಮಗಳು ಇನ್ನೂ ಕೂಸಾಗಿದ್ದಾಗ ಗಂಡ ಹೆಂಡತಿ ಇಬ್ಬರೂ ಒಂದು ಹಳೆಯ ಗೋದಾಮು ಕೆಡವಲು ಹೋಗಿದ್ದರು. ಗೋಡೆಯ ಬುಡ ಬಿಡಿಸಿ, ಹಗ್ಗ ಕಟ್ಟಿ, ಎಲ್ಲರೂ ಹೊರಗೆ ಬಂದಾಯಿತು. ಗಂಡ ನೀರಿನ ಚೊಂಬು ಒಳಗೇ ಬಿಟ್ಟದ್ದು ನೆನಪಾಗಿ ತಿರುಗಿ ಹೋದ. ಗುತ್ತಿಗೆದಾರನಿಗೆ ಅವಸರ. "ಎಳೀರೋ" ಎಂದ. ಎಳೆದರು. ಚೊಂಬು ಮಾತ್ರ ನೆಟ್ಟಗೆ ಸಿಕ್ಕಿತು. ಸಮ್ಮಟಿಗಕ್ಕ ಅಳಲಿಲ್ಲ. ಎದ್ದು ಹೋಗಿ ಗುತ್ತಿಗೆದಾರನ ಬಾಯಿಗೆ ಅದೇ ಚೊಂಬಿನಿಂದ ಒಂದು ಕೊಟ್ಟಳು. ಅವನ ಹಲ್ಲುಗಳು ಉದುರಿದ ಸದ್ದಿಗೆ ಪಕ್ಕದ ಬೀದಿಯವರು ಆಲಿಕಲ್ಲು ಮಳೆ ಎಂದು ಬಟ್ಟೆ ಒಳಗೆ ತಂದರಂತೆ. ಅವನು ಸಾಯುವವರೆಗೆ ನೀರಾಗಿರುವುದನ್ನು ಬಿಟ್ಟು ಬೇರೇನನ್ನೂ ನುಂಗಲಿಲ್ಲ.

ಅಂದಿನಿಂದ ನೇಮವಾಯಿತು. ಮೊದಲ ಏಟಿಗೆ ಮುಂಚೆ ಗೋಡೆಯನ್ನು ಕೈಯಿಂದ ತಟ್ಟಬೇಕು. "ಒಳಗೆ ಯಾರಿದ್ದೀರಿ?" ಎಂದು ಗಂಟಲು ಹರಿಯುವ ಹಾಗೆ ಕೂಗಬೇಕು. ಉತ್ತರ ಬಂದರೆ, ದೇವರೇ ಬಂದು ಹೇಳಿದರೂ, ಆ ಗೋಡೆಗೆ ಏಟು ಬೀಳಕೂಡದು. ಗ್ಯಾಂಗಿನವರಿಗೆ ಇದು ಉಸಿರಿನಷ್ಟು ರೂಢಿಯಾಗಿತ್ತು. ಮೊಟ್ಟೆ ಒಡೆಯುವ ಮುಂಚೆಯೂ ಅದನ್ನು ತಟ್ಟಿ ಕೇಳುತ್ತಾರೆ ಎಂದು ಊರವರು ನಗುತ್ತಿದ್ದರು.

ಇನ್ನೊಂದು ರೂಢಿ ಬಣ್ಣದ್ದು. ಕೆಡವುವ ಕಟ್ಟಡಕ್ಕೆ ಗ್ಯಾಂಗಿನ ಮೇಸ್ತ್ರಿ ಮೊದಲು ಹೋಗಿ ಗುರುತು ಹಾಕಿ ಬರುತ್ತಾನೆ. ಕೆಂಪು ಹಚ್ಚಿದ್ದನ್ನು ಒಡೆಯಬೇಕು. ಹಸಿರು ಹಚ್ಚಿದ್ದನ್ನು ಮುಟ್ಟಬಾರದು. ಅದು ಪಕ್ಕದವರ ಗೋಡೆ, ಇಲ್ಲವೇ ಭಾರ ಹೊತ್ತ ಕಂಬ. ಆ ಕೇರಿಯ ಮಕ್ಕಳು ಅಮ್ಮ ಎನ್ನುವ ಮುಂಚೆ ಇದನ್ನು ಕಲಿಯುತ್ತಿದ್ದರು. ಈ ಕಥೆಯ ರಗಳೆಯೆಲ್ಲ ಹುಟ್ಟಿದ್ದು ಇದರಿಂದಲೇ.

ಜೈಲಿನ ಕಿಟಕಿಯ ಆ ಪಕ್ಕದ ಮನೆ ನಾದಿನಿಯದು, ಸತ್ತ ಗಂಡನ ತಂಗಿ. ಸಮ್ಮಟಿಗಕ್ಕನಿಗೆ ಕೈ ಎಷ್ಟು ಜೋರೋ ಇವಳಿಗೆ ಬಾಯಿ ಅಷ್ಟು ಜೋರು. ಇವಳು ಬೈದರೆ ಹಾಲು ಒಡೆಯುತ್ತಿತ್ತು. ಎರಡೂ ಮನೆಗಳಿಗೆ ನಡುಗೋಡೆ ಒಂದೇ. ಬೆಳಗ್ಗೆ ಎದ್ದ ಕೂಡಲೇ ಅತ್ತಿಗೆ ಈಚೆಯಿಂದ ಗೋಡೆ ತಟ್ಟುವುದು, "ಇದ್ದೀಯೇನೇ?" ಎನ್ನುವುದು, ಆಚೆಯಿಂದ ನಾದಿನಿ, "ಇದ್ದೀನಿ ಕಣೇ, ನಿನಗೆ ಮುಂಚೆ ಸಾಯಲ್ಲ, ಆಸೆ ಇಟ್ಕೋಬೇಡ" ಎನ್ನುವುದು. ಇದಾಗದೆ ಇಬ್ಬರಿಗೂ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಾಲುವೆಯ ಆಚೆ ದಡದಲ್ಲಿ ದೊಡ್ಡ ಮನೆಗಳ ಕಾಂಪೌಂಡು. ಮೊದಲು ಕಾಲುವೆ ಅಲ್ಲೇ ಅಗಲವಾಗಿ ಹರಿಯುತ್ತಿತ್ತು. ಕಾಂಪೌಂಡಿನವರು ಅದನ್ನು ಮುಚ್ಚಿ ಮೇಲೆ ಹುಲ್ಲು ಬೆಳೆಸಿದರು, ತುದಿಯಲ್ಲಿ ಎತ್ತರದ ಗೋಡೆ ಎಬ್ಬಿಸಿದರು, ನೀರಿಗೆ ಒಂದು ಸಣ್ಣ ಕೊಳವೆ ಬಿಟ್ಟರು. ಆನೆಯನ್ನು ಇಲಿಬಿಲಕ್ಕೆ ನುಗ್ಗು ಅಂದಂತಾಯಿತು. ಮಳೆ ಜೋರಾದರೆ ನೀರು ಆ ಗೋಡೆಗೆ ಬಡಿದು ತಿರುಗಿ ಕೇರಿಯೊಳಕ್ಕೆ ಬರುತ್ತಿತ್ತು. ಒಂದು ಮಳೆಗಾಲ ಸಮ್ಮಟಿಗಕ್ಕನ ಮಂಚ ಅವಳನ್ನು ಮಲಗಿಸಿಕೊಂಡೇ ತೇಲಿ ಹೋಗಿ ಮಾರುಕಟ್ಟೆಯಲ್ಲಿ ನಿಂತಿತ್ತು; ಎದ್ದವಳು ತರಕಾರಿ ಕೊಂಡುಕೊಂಡೇ ವಾಪಸು ಬಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಲೋಕದ ಪದ್ಧತಿಯಲ್ಲವೇ? ಕಾಲುವೆ ಕಟ್ಟಿಕೊಳ್ಳಲು ಕಾರಣ ಕೇರಿಯವರೇ ಎಂದು ಪತ್ರಿಕೆಗಳು ಬರೆದವು.

ಆಗ ನಗರಸಭೆಯವರು ಕಾಲುವೆಯ ದಡದಲ್ಲಿ ‘ಹಸಿರು ದಾರಿ’ ಮಾಡಲು ಹೊರಟರು. ಸಾಲು ಮರ, ಸೈಕಲ್ ದಾರಿ, ಕೂರಲು ಬೆಂಚು. ಊರು ಉಸಿರಾಡಬೇಕಂತೆ. ಒಂದು ಬೆಳಗ್ಗೆ ಇಬ್ಬರು ಬಣ್ಣದ ಡಬ್ಬಿ ಹಿಡಿದು ಬಂದು ಕೇರಿಯ ಬಾಗಿಲು ಬಾಗಿಲಿಗೆ ಒಂದೊಂದು ಹಸಿರು ಗೀಟು ಎಳೆದರು. ಸೇತುವೆ ದಾಟಿ ಹೋಗಿ ಕಾಂಪೌಂಡಿನ ಗೋಡೆಗೆ ಕೆಂಪು ಸುತ್ತು ಹಾಕಿದರು. ಒಂದು ಮಾತಿಲ್ಲ, ಕತೆಯಿಲ್ಲ. ಬಂದರು, ಬಳಿದರು, ಹೋದರು.

ಕೇರಿಗೆ ಕೇರಿಯೇ ಬೀದಿಗೆ ಬಂದು ನಿಂತಿತು. ಸಮ್ಮಟಿಗಕ್ಕ ಬಾಗಿಲ ಮೇಲಿನ ಹಸಿ ಬಣ್ಣವನ್ನು ಬೆರಳಿಂದ ಮುಟ್ಟಿ, ಮೂಸಿ, ತೀರ್ಪು ಕೊಟ್ಟಳು. ಬಾಗಿಲು ಬೇರೆ ಕೋರ್ಟಿನದು. "ಹಸಿರು ಕಣ್ರಯ್ಯಾ! ನಮ್ಮನ್ನ ಮುಟ್ಟಲ್ಲ. ಆ ಗೋಡೆಗೆ ಬಿತ್ತು ನೋಡಿ ಕೆಂಪು. ಸರ್ಕಾರಕ್ಕೂ ಒಂದು ದಿನ ಕಣ್ಣು ಬಂತು."

"ಅತ್ತಿಗೆ, ಯಾರನ್ನಾದ್ರೂ ಒಂದು ಮಾತು ಕೇಳಬಾರದಾ?" ಎಂದಳು ನಾದಿನಿ.

"ಬಣ್ಣ ಓದೋದನ್ನ ನನಗೆ ಹೇಳಿಕೊಡ್ತೀಯೇನೇ? ನಿನ್ನ ಮೂಗು ಒರೆಸಿ ಬೆಳೆಸಿದೋಳು ನಾನು."

ಆ ಸಂಜೆಯೇ ಆಕೆ ಸೇತುವೆ ದಾಟಿ ಹೋಗಿ ಕಾಂಪೌಂಡಿನ ಕಾವಲುಗಾರನನ್ನು ಮಾತಾಡಿಸಿ ಬಂದಳು. ಅವನನ್ನು ಎಲ್ಲರೂ ಗೇಟುಮೀಸೆ ಎಂದೇ ಕರೆಯುತ್ತಿದ್ದರು. ಮೊದಲು ಮೀಸೆ ಡ್ಯೂಟಿಗೆ ಬಂದು, ಸ್ವಲ್ಪ ಹೊತ್ತಾದ ಮೇಲೆ ಅವನು ಬರುತ್ತಿದ್ದ. "ನಿಮ್ಮ ಗೋಡೆ ಹೊಡೆಯೋಕೆ ನಮ್ಮನ್ನೇ ಕರೀತಾರೆ ತಮ್ಮಾ. ಹೆದರಬೇಡ, ಕೂಗಿ ಕೇಳಿಯೇ ಹೊಡೀತೀವಿ" ಎಂದು ಅವನ ಭುಜ ತಟ್ಟಿದಳು. ಆ ಭುಜ ತಿಂಗಳುಗಟ್ಟಲೆ ಕೆಳಗೇ ಇತ್ತು.

ಮುಂದೆ ಮೈಕು ಕಟ್ಟಿದ ಗಾಡಿಯೊಂದು ಬಂತು. "ಹಸಿರು ಗುರುತಿನ ಮನೆಯವರು ತಕರಾರಿದ್ದರೆ ಸಭೆಗೆ ಬಂದು ಹೇಳತಕ್ಕದ್ದು" ಎಂದು ಸಾರಿ ಹೋಯಿತು. ಮನೆ ಉಳಿಸಿದವರ ಮೇಲೆ ಯಾರಿಗೇನು ತಕರಾರು? ಆದರೂ ಮರ್ಯಾದೆ ಎಂಬುದೊಂದಿದೆಯಲ್ಲ. ಸಮ್ಮಟಿಗಕ್ಕ ತಲೆಗೆ ಒಗೆದ ಬಟ್ಟೆ ಕಟ್ಟಿಕೊಂಡು, ಕೇರಿಯ ಪರವಾಗಿ ಉಪಕಾರ ಹೇಳಲು ಹೊರಟಳು.

ಸಭೆಯ ಕೋಣೆ ತಣ್ಣಗಿತ್ತು. ಉದ್ದ ಮೇಜಿನ ಮೇಲೆ ಹಸಿರು ದಾರಿಯ ಪುಟ್ಟ ಮಾದರಿ ಇಟ್ಟಿದ್ದರು: ಬೆಂಕಿಕಡ್ಡಿಯಷ್ಟು ಮರ, ನೀಲಿ ಗಾಜಿನ ಕಾಲುವೆ, ಬೆಂಚಿನ ಮೇಲೆ ಕೂತ ಬೆರಳುಗಾತ್ರದ ಮನುಷ್ಯರು. ಕೇರಿ ಮಾತ್ರ ಎಲ್ಲೂ ಕಾಣಲಿಲ್ಲ. ಇಷ್ಟು ಸಣ್ಣದರಲ್ಲಿ ನಮ್ಮ ಮನೆಗಳು ಕಾಣುವುದಾದರೂ ಹೇಗೆ ಎಂದು ಸಮ್ಮಟಿಗಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎದುರಿಗೆ ಕೂತಿದ್ದವರು ನಕ್ಷೆ ಸಾಹೇಬರು, ಆ ಯೋಜನೆಯ ಮುಖ್ಯಸ್ಥರು. ಬೈಗುಳ ತಿನ್ನಲೆಂದೇ ಬೆಳಗ್ಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದವರು.

"ನಮ್ಮ ಕಡೆಯಿಂದ ತಕರಾರು ಏನೂ ಇಲ್ಲ ಸ್ವಾಮಿ," ಎಂದಳು ಸಮ್ಮಟಿಗಕ್ಕ ಮೈಕಿನ ಹತ್ತಿರ ಬಗ್ಗಿ. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. "ಎಲ್ಲರಿಗೂ ಖುಷಿಯಾಗಿದೆ. ಒಂದೇ ಕೋರಿಕೆ. ನೀವು ಹಚ್ಚಿದ ಬಣ್ಣ ತೆಳು, ಮಳೆಗೆ ನಿಲ್ಲಲ್ಲ. ಇನ್ನೊಂದು ಕೋಟು ಹೊಡೆಸಿಬಿಡಿ. ಆಮೇಲೆ ಗೊಂದಲ ಆಗಬಾರದು ನೋಡಿ."

ಸಾಹೇಬರ ಕಣ್ಣು ತುಂಬಿ ಬಂತು. "ತ್ಯಾಗ ಅಂದ್ರೆ ಇದು!" ಎಂದು ಎದ್ದು ಬಂದು ಕೈ ಕುಲುಕಿದರು. ಹಿಂದಿನ ಸಾಲಿನಲ್ಲಿದ್ದ ಕಾಂಪೌಂಡಿನ ವಕೀಲರು ಎದ್ದು ನಿಂತು ಚಪ್ಪಾಳೆ ಹೊಡೆದರು. ತ್ಯಾಗ ಯಾಕೆ ಬಂತು ಎಂಬುದು ಆಕೆಗೆ ತಿಳಿಯಲಿಲ್ಲ. ಓದಿದವರು ಮಾತಿಗೆ ಉಪ್ಪು ಜಾಸ್ತಿ ಹಾಕುತ್ತಾರೆ ಎಂದುಕೊಂಡು ಮನೆಗೆ ಬಂದಳು. ಮಾತು ಕೊಟ್ಟ ಹಾಗೆ ಇನ್ನೊಂದು ಕೋಟು ಹಸಿರು ಬಂತು, ದಪ್ಪಗೆ.

ಗುಟ್ಟು ಒಡೆದದ್ದು ಅಳಿಯನ ಬಾಯಿಂದ. ಸಮ್ಮಟಿಗಕ್ಕನ ಮಗಳ ಗಂಡ ಗ್ಯಾಂಗಿನಲ್ಲೇ ಬೆಳೆದವನು, ಈಗ ನಗರಸಭೆಯ ಬುಲ್ಡೋಜರ್ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಬಂದವನು ಹೊಸಿಲು ದಾಟದೆ ನಿಂತ.

"ಅತ್ತೆ, ನಾಳೆ ಕಾಲುವೆ ದಂಡೆ ಕೆಲಸ. ನನಗೇ ಹಾಕಿದ್ದಾರೆ."

"ಹೋಗಿ ಹೊಡೀರಿ ಅಳಿಯಂದಿರೇ. ಗೋಡೆ ಬುಡ ಗಟ್ಟಿ ಇದೆ, ಜೋಪಾನ."

"ಗೋಡೆಯಲ್ಲ ಅತ್ತೆ. ಹಸಿರು ಗುರುತಿನ ಮನೆಗಳು. ಹಸಿರು ಅಂದ್ರೆ ಹಸಿರು ದಾರಿಗೆ ಹೋಗೋದು ಅಂತ. ಕೆಂಪು ಅಂದ್ರೆ ಮುಟ್ಟಬಾರದು ಅಂತ. ಕಾಂಪೌಂಡಲ್ಲಿ ಆಗಲೇ ಹುಲ್ಲಿದೆಯಲ್ಲ, ಅದು ಈಗಾಗಲೇ ಹಸಿರಂತೆ."

ಸಮ್ಮಟಿಗಕ್ಕ ಅವನ ಕೆನ್ನೆಗೆ ಬಾರಿಸಿದಳು. ತಪ್ಪು ಅವನದಲ್ಲ ಎಂದು ಆಕೆಗೂ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅಳಿಯ ಬೀದಿಯ ಆಚೆ ಬದಿಗೆ ಹೋಗಿ ಬಿದ್ದ, ಎದ್ದ, ಧೂಳು ಕೊಡವಿಕೊಂಡು ಮತ್ತೆ ಬಂದು ಅದೇ ಜಾಗದಲ್ಲಿ ನಿಂತ. "ಇನ್ನೊಂದು ಹೊಡೀರಿ ಅತ್ತೆ, ಪರವಾಗಿಲ್ಲ. ಆದರೆ ಸಾಮಾನು ಹೊರಗೆ ತೆಗೀರಿ."

ಆಕೆ ಒಂದೇ ಉಸಿರಿಗೆ ನಗರಸಭೆಗೆ ಓಡಿದಳು. ನಕ್ಷೆ ಸಾಹೇಬರು ಬೆರಗಾದರು. "ಏನಮ್ಮಾ ಇದು? ನೀವೇ ಬಂದು ಒಪ್ಪಿಗೆ ಕೊಟ್ಟಿರಲ್ಲ. ಇನ್ನೊಂದು ಕೋಟು ಹೊಡೆಸಿ ಅಂದೋರು ಯಾರು? ತಕರಾರಿನ ದಿನ ಮುಗೀತು."

"ಅದು ಹಾಗಲ್ಲ ಸ್ವಾಮಿ, ನಮ್ಮಲ್ಲಿ ಹಸಿರು ಅಂದ್ರೆ..."

"ನಿಮ್ಮಲ್ಲಿ ಏನಂದ್ರೆ ಏನು ಅಂತ ನಮಗೆ ಹೇಗಮ್ಮಾ ಗೊತ್ತಾಗಬೇಕು?"

"ಕೇಳಬೇಕಿತ್ತು," ಎಂದಳು ಆಕೆ. ಅಷ್ಟರಲ್ಲಿ ಕಾವಲಿನವರು ಅವಳನ್ನು ಮೆಟ್ಟಿಲಿನಿಂದ ಕೆಳಗೆ ನೂಕಿದ್ದರು.

ಕೇರಿಗೆ ಬಂದರೆ, ಅಳಿಯನಿಂದ ಎಲ್ಲ ತಿಳಿದುಕೊಂಡ ಜನ ಕಾದು ನಿಂತಿದ್ದರು, ಕೈಯಲ್ಲಿ ಕಲ್ಲು. ಆ ಕೇರಿಯಲ್ಲಿ ಕಲ್ಲಿಗೆ ಬರವಿಲ್ಲ. ಮೊದಲನೆಯದು ಹಣೆಗೆ ಬಿತ್ತು, ಎರಡನೆಯದು ಕತ್ತಿಗೆ. ಸಮ್ಮಟಿಗಕ್ಕ ಕೈ ಅಡ್ಡ ತರಲಿಲ್ಲ. ಹುಬ್ಬಿನಿಂದ ಇಳಿದ ರಕ್ತ ತುಟಿಗೆ ಬಂದಾಗ ಉಗುಳಿ, "ಸರಿಯಾಗಿ ಹೊಡೀರೋ, ಕಲಿಸಿದ್ದು ಇದೇನಾ?" ಎಂದಳು. ನಾದಿನಿ ಹಿತ್ತಾಳೆಯ ಬಿಂದಿಗೆ ತಂದು ಅವಳ ಬೆನ್ನಿಗೆ ಅಪ್ಪಳಿಸಿದಳು. ಬಿಂದಿಗೆ ತಗ್ಗಿತು, ಬೆನ್ನು ತಗ್ಗಲಿಲ್ಲ.

"ಕೇಳು ಅಂದೆ, ಕೇಳಿದ್ಯಾ? ಮಹಾ ಬಣ್ಣ ಓದೋಳು! ಕತ್ತು ಕುಯ್ಯೋನಿಗೆ ಕತ್ತಿ ಮೊಂಡಾಗಿದೆ, ಮಸೆದು ತಾ ಅಂತ ಹೇಳಿ ಬಂದ್ಯಲ್ಲೇ! ಮೊದಲು ನನ್ನ ಅಣ್ಣ ಹೋದ, ಈಗ ಅವನು ಕಟ್ಟಿದ ಮನೆ. ಇನ್ನು ನಿನ್ನ ಕೂಗಿಗೆ ಓಗೊಟ್ಟರೆ ನನ್ನ ನಾಲಿಗೆ ಬಿದ್ದು ಹೋಗಲಿ!" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೇರಿಯ ಪಾತ್ರೆಗಳೆಲ್ಲ ಒಮ್ಮೆ ಕುಣಿದವು.

ಮಾರನೆಯ ಬೆಳಗ್ಗೆ ಸಮ್ಮಟಿಗಕ್ಕ ನಡುಗೋಡೆ ತಟ್ಟಿ "ಇದ್ದೀಯೇನೇ?" ಎಂದಳು. ಆಚೆಯಿಂದ ಸದ್ದಿಲ್ಲ.

ಬುಲ್ಡೋಜರುಗಳು ಎರಡು ಬಂದವು. ಮುಂದಿನದರಲ್ಲಿ ಅಳಿಯ, ಹಿಂದಿನದರಲ್ಲಿ ಯಾರೋ ಬಾಡಿಗೆಯವನು, ಎರಡೂ ಕಿವಿಗೆ ಹಾಡು ತುರುಕಿಕೊಂಡಿದ್ದ. ದೊಣ್ಣೆ ಹಿಡಿದ ಪೊಲೀಸರು ಸಾಲಾಗಿ ನಿಂತರು. ಕೇರಿಯವರು ಹಿಂದಿನ ದಿನದ ಸಿಟ್ಟನ್ನು ಪಕ್ಕಕ್ಕಿಟ್ಟು ತಂತಮ್ಮ ಮನೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡಿದ್ದರು. ಕಟ್ಟುಪಾಡು ಅವರಿಗೂ ಗೊತ್ತು, ಅಳಿಯನಿಗೂ ಗೊತ್ತು.

ಅಳಿಯ ಯಂತ್ರದಿಂದ ಇಳಿದ. ಮೊದಲ ಮನೆಯ ಗೋಡೆ ತಟ್ಟಿ ಕೂಗಿದ: "ಒಳಗೆ ಯಾರಿದ್ದೀರಿ?"

"ಇದ್ದೀವಿ!" ಎಂದು ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಕೂಗಿಕೊಂಡರು.

ಎರಡನೆಯ ಮನೆ. "ಇದ್ದೀವಿ!" ಪಾಯಿಖಾನೆ. "ಇದ್ದೀನಿ, ವೈದ್ಯ!" ಯಾವನೋ ಇಂಥ ಹೊತ್ತಿನಲ್ಲೂ ಬಿಡಲಿಲ್ಲ.

"ಏನ್ರೀ ಇದು ನಾಟಕ?" ಎಂದರು ಪೊಲೀಸರ ಹಿಂದೆ ನಿಂತಿದ್ದ ನಕ್ಷೆ ಸಾಹೇಬರು.

"ಕಸುಬಿನ ಪದ್ಧತಿ ಸಾರ್. ಉತ್ತರ ಬಂದ ಗೋಡೆಗೆ ಹೊಡೆಯೋ ಹಾಗಿಲ್ಲ."

ಸಮ್ಮಟಿಗಕ್ಕನ ಮನೆಯಿಂದ ಬಂದ "ಇದ್ದೀನಿ" ಎಂಬ ಕೂಗಿಗೆ ಪೊಲೀಸರ ಟೋಪಿಗಳು ಹಾರಿದವು. ಉಳಿದದ್ದು ಕೊನೆಯ ಮನೆ, ನಾದಿನಿಯದು. ಅಳಿಯ ತಟ್ಟಿದ. ಕೂಗಿದ. ಮತ್ತೆ ಕೂಗಿದ. ಒಳಗೆ ನಾದಿನಿ ಕಿಟಕಿಯ ಕೆಳಗೆ ಮಂಡಿ ಅಪ್ಪಿಕೊಂಡು, ತುಟಿ ಕಚ್ಚಿಕೊಂಡು ಕೂತಿದ್ದಳು. ಅತ್ತಿಗೆಯ ಅಳಿಯ ಕೂಗಿದರೂ ಅದು ಅತ್ತಿಗೆಯ ಕೂಗೇ. ಆಣೆ ಆಣೆಯೇ.

"ಅಲ್ಲಿ ಯಾರೂ ಇಲ್ಲ ತಾನೇ? ನಿಮ್ಮ ಪದ್ಧತಿಯ ಹಾಗೇ ಆಯ್ತಲ್ಲ. ಅಲ್ಲಿಂದ ಶುರು ಮಾಡಿ," ಎಂದರು ಸಾಹೇಬರು.

ಸಮ್ಮಟಿಗಕ್ಕ ಬಾಗಿಲು ಒದ್ದು ಹೊರಗೆ ಬಂದಳು. "ಇದ್ದಾಳೆ! ನನ್ನ ಮೇಲಿನ ಮುನಿಸಿಗೆ ಬಾಯಿ ಬಿಡ್ತಿಲ್ಲ, ಅಷ್ಟೇ!"

"ಮುನಿಸು!" ಎಂದು ಸಾಹೇಬರು ನಕ್ಕರು. ಅಳಿಯ ಬೀಗದಕೈ ಕಿತ್ತು ಕಾಲುವೆಗೆ ಎಸೆದ. ಎಸೆದ ಕೈಯ ಮೇಲೆ ದೊಣ್ಣೆಗಳು ಬಿದ್ದವು, ಆಮೇಲೆ ಅವನ ಮೇಲೆಲ್ಲ. ಸಾಹೇಬರು ಹಿಂದಿನ ಯಂತ್ರಕ್ಕೆ ಕೈ ಬೀಸಿದರು. ಬಾಡಿಗೆಯವನಿಗೆ ಕೈ ಕಾಣಿಸಿತು, ಕೂಗು ಕೇಳಿಸಲಿಲ್ಲ. ಕಬ್ಬಿಣದ ಹಲ್ಲುಗಳು ಜೈಲಿನ ಕಿಟಕಿಯನ್ನು ಕಚ್ಚಿ ಎಳೆದವು. ಮುಂಗೋಡೆ ಒಳಕ್ಕೆ ಕುಸಿಯಿತು. ಧೂಳಿನೊಳಗಿಂದ ಒಂದು ಕಿರುಚಾಟ ಬಂತು, ಅರ್ಧಕ್ಕೆ ನಿಂತಿತು.

ಮುಂದಿನಿಂದ ದಾರಿಯಿಲ್ಲ. ಸಮ್ಮಟಿಗಕ್ಕ ತನ್ನ ಮನೆಯೊಳಕ್ಕೆ ನುಗ್ಗಿ ನಡುಗೋಡೆಯ ಮುಂದೆ ನಿಂತು ತಟ್ಟಿದಳು. "ಒಳಗೆ... ಇದ್ದೀಯೇನೇ?"

ಗೋಡೆಯ ಬುಡದಿಂದ, ಬಹಳ ಸಣ್ಣದಾಗಿ: "ಇದ್ದೀನಿ ಕಣೇ ಅತ್ತಿಗೆ. ಕಾಲು ಇಲ್ಲ ಅನ್ಸುತ್ತೆ. ನಾನಿದ್ದೀನಿ."

ಉತ್ತರ ಬಂದ ಗೋಡೆಗೆ ಹೊಡೆಯಬಾರದು. ಸಮ್ಮಟಿಗಕ್ಕ ಸಮ್ಮಟಿಗೆ ಎತ್ತಿದಳು, ಹೊಡೆದಳು. ಆ ಕಟ್ಟುಪಾಡನ್ನು ಆಕೆ ಮುರಿದದ್ದು ಅದೊಂದೇ ಸಲ. ಅಣ್ಣ ತಂಗಿಯರಿಬ್ಬರೂ ಸೇರಿ ಕಟ್ಟಿದ್ದ ಗೋಡೆ ಅದು. ಎಲ್ಲಿ ಹೊಡೆದರೆ ಈಚೆಗೆ ಬೀಳುತ್ತದೆ ಎಂಬುದು ಆಕೆಯ ಕೈಗೆ ಗೊತ್ತಿತ್ತು. ಇಟ್ಟಿಗೆಗಳು ಅವಳ ಎದೆಯ ಮೇಲೇ ಉರುಳಿದವು. ತೂತಿನಿಂದ ಕೈ ಹಾಕಿ ನಾದಿನಿಯನ್ನು ಕಂಕುಳಲ್ಲಿ ಹಿಡಿದು ಎಳೆದಳು. ಮಂಡಿಯ ಕೆಳಗಿನ ಒಂದು ಕಾಲು ಅಲ್ಲೇ ಉಳಿಯಿತು ಎಂದರೂ ತಪ್ಪಿಲ್ಲ. ಚರ್ಮವೊಂದೇ ಅದನ್ನು ಹಿಡಿದುಕೊಂಡಿತ್ತು.

ಕೇರಿಯವರು ಬಾಗಿಲು ತೆಗೆದು ಹೊರಗೆ ಬಿದ್ದರು. ಆಮೇಲೆ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬಾಡಿಗೆಯವನನ್ನು ಯಂತ್ರದ ಕಿಟಕಿಯಿಂದ ಎಳೆದು ಅವನ ಕಿವಿಯ ಹಾಡನ್ನು ಅವನ ಬಾಯಿಗೆ ತುರುಕಿದ್ದು ನಿಜ. ದೊಣ್ಣೆಗಳಿಗೆ ಇಟ್ಟಿಗೆಗಳು ಉತ್ತರ ಕೊಟ್ಟಿದ್ದು ನಿಜ. ಒಬ್ಬ ಪೊಲೀಸಿನವನ ಮೊಣಕಾಲು ಒಡೆಯಿತು, ಮೂರು ಮಕ್ಕಳ ತಾಯಿಯೊಬ್ಬಳ ಒಂದು ಕಣ್ಣು ಹೋಯಿತು. ಸಮ್ಮಟಿಗಕ್ಕನ ಬಲಮೊಣಕೈಗೆ ಬಿದ್ದ ದೊಣ್ಣೆ ಎರಡು ತುಂಡಾಯಿತು, ಮೊಣಕೈ ಮೂರು. ಇದರಲ್ಲಿ ಮಾತ್ರ ಉತ್ಪ್ರೇಕ್ಷೆಯಿಲ್ಲ. ಆಸ್ಪತ್ರೆಯವರು ಎಣಿಸಿ ಹೇಳಿದ್ದು.

ಆಕೆ ನಾದಿನಿಯನ್ನು ಆಸ್ಪತ್ರೆಯ ಗಾಡಿಗೆ ಹಾಕಿಸಿ, ಸಮ್ಮಟಿಗೆಯನ್ನು ಎಡಗೈಗೆ ಬದಲಿಸಿಕೊಂಡು, ನೇತಾಡುವ ಬಲಗೈಯನ್ನು ತಲೆಬಟ್ಟೆಯಿಂದ ಎದೆಗೆ ಕಟ್ಟಿಕೊಂಡಳು. ಸುತ್ತ ನೋಡಿದಳು.

"ನಮ್ಮ ಬಣ್ಣ ತಪ್ಪು ಅಂದ್ರಲ್ಲ? ಸರಿ ಮಾಡೋಣ ಬನ್ನಿ. ಕೆಂಪು ಎಲ್ಲಿದೆ?"

ಸೇತುವೆಯ ಮೇಲೆ ಗ್ಯಾಂಗು ನಡೆಯಿತು. ಹಣೆ ಒಡೆದವರು, ಹಲ್ಲು ಹೋದವರು, ಅಳಿಯನೂ ಒಂದು ಕಣ್ಣು ಮುಚ್ಚಿಕೊಂಡು. ಪೊಲೀಸರು ಕೇರಿಯ ಕಡೆಯೇ ಹೊಡೆತದಲ್ಲಿ ಮೈಮರೆತಿದ್ದರು. ಕೆಂಪು ಸುತ್ತಿನ ಗೋಡೆಯ ಮುಂದೆ ಸಮ್ಮಟಿಗಕ್ಕ ನಿಂತಳು. ನೋವಿಗೆ ಮುಖ ಬೂದಿಯಾಗಿತ್ತು. ಆದರೂ ಸಮ್ಮಟಿಗೆಯನ್ನು ಕಾಲಿಗೆ ಒರಗಿಸಿ, ಎಡಗೈಯಿಂದ ಗೋಡೆ ತಟ್ಟಿದಳು.

"ಒಳಗೆ ಯಾರಿದ್ದೀರಿ?"

ಗೋಡೆಯ ಮೇಲಿಂದ ಮೊದಲು ಮೀಸೆ, ಆಮೇಲೆ ಗೇಟುಮೀಸೆ ಇಣುಕಿದರು. ಕಾಂಪೌಂಡಿನವರು ಅವನಿಗೆ ಕೈಯಲ್ಲೊಂದು ಬಂದೂಕು ಕೊಟ್ಟಿದ್ದರು. ಅವನು ಕೆಳಗೆ ನೋಡಿದ. ಕಟ್ಟಿದ ಕೈ ನೋಡಿದ, ಅವಳ ಮೈಮೇಲಿನ ನಾದಿನಿಯ ರಕ್ತ ನೋಡಿದ. ಅವನ ಮನೆಯೂ ಊರಾಚೆ ಇನ್ಯಾವುದೋ ಕಾಲುವೆಯ ದಡದಲ್ಲೇ ಇತ್ತು.

"ಇಲ್ಲಿ ಯಾರೂ ಇಲ್ಲಕ್ಕಾ," ಎಂದ. "ಒಳಗಿರೋದು ಕಾಲುವೆ ಒಂದೇ."

ಬಂದೂಕನ್ನು ತಲೆಕೆಳಗು ಮಾಡಿ ಹಿಡಿದು ಗೋಡೆಯಿಂದ ಇಳಿದು ದೂರ ಹೋಗಿ ನಿಂತ.

ಎಡಗೈಯ ಮೊದಲ ಏಟಿಗೆ ಸುಣ್ಣ ಉದುರಿತು. ಎರಡನೆಯದಕ್ಕೆ ಬಿರುಕು. ಮೂರನೆಯದನ್ನು ಆಕೆ ಹೊಡೆಯಲಾಗಲಿಲ್ಲ, ಕುಸಿದು ಕೂತಳು; ಗ್ಯಾಂಗು ಹೊಡೆಯಿತು. ಗೋಡೆ ಬಿದ್ದಾಗ ಕೊಳವೆಯೊಳಗೆ ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಕೂತಿದ್ದ ನೀರು ಒಮ್ಮೆ ತೇಗಿತು. ಹುಲ್ಲುಹಾಸು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಹೋಯಿತು. ಕಾಂಪೌಂಡಿನ ಕಾರುಗಳು ಒಂದರ ಹಿಂದೊಂದು ಬಾತುಕೋಳಿಗಳ ಹಾಗೆ ಶಿಸ್ತಾಗಿ ತೇಲಿ ಹೊರಟವು ಎನ್ನುತ್ತಾರೆ. ನಂಬುವವರು ನಂಬಲಿ. ಕಾಲುವೆ ತನ್ನ ಹಳೆಯ ಜಾಗಕ್ಕೆ ಬಂದು ಮಲಗಿದ್ದಂತೂ ದಿಟ.

ಸಮ್ಮಟಿಗಕ್ಕನಿಗೆ ಜೈಲಾಯಿತು. ಜೈಲಿನ ಒಂದು ಕಿಟಕಿ ಹೊಸದಾಗಿರುವುದನ್ನು ನೋಡಿ, ಹಳೆಯದು ಎಲ್ಲಿ ಹೋಯಿತೆಂದು ಅವಳಿಗೆ ಮಾತ್ರ ಗೊತ್ತಿದ್ದರಿಂದ, ಮೊದಲ ದಿನ ಜೋರಾಗಿ ನಕ್ಕಳಂತೆ. ಅವಳು ಒಳಗಿದ್ದಾಗ ಕೇರಿಯ ಮೇಲ್ತುದಿ ನೆಲಸಮವಾಯಿತು. ಕೋರ್ಟಿನ ಬಾಗಿಲಿನ ಮನೆಯೂ ಹೋಯಿತು. ಕೆಳತುದಿ ಉಳಿಯಿತು. ಉಳಿಸಿದ್ದು ದಯೆಯಲ್ಲ, ಮಳೆ. ಕಾಂಪೌಂಡಿನವರು ಗೋಡೆ ಮತ್ತೆ ಎಬ್ಬಿಸುವಷ್ಟರಲ್ಲಿ ಮಳೆಗಾಲ ಬಂದು ನೀರು ಆ ಕಡೆಯೇ ಅಗಲವಾಗಿ ಹರಿಯಿತು. ಕೇರಿಯಲ್ಲಿ ಹುಟ್ಟಿದ ಮಕ್ಕಳು ಮೊದಲ ಬಾರಿಗೆ ಒಣ ನೆಲದ ಮೇಲೆ ನಿಂತು ಮಳೆ ನೋಡಿದರು. ಹಸಿರು ದಾರಿ ಕಾಲುವೆಯ ದಡದಲ್ಲೇ ಇರಬೇಕೆಂದು ಯೋಜನೆ ಹೇಳುತ್ತಿತ್ತು. ಕಾಲುವೆಯೇ ದಡ ಬದಲಿಸಿತ್ತು. ಮೇಲಿನವರು ತಲೆ ಕೆರೆದುಕೊಂಡರು, ಕಾಂಪೌಂಡಿನವರು ಕೋರ್ಟಿಗೆ ಹೋದರು. ತೀರ್ಮಾನ ಇನ್ನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆಯೇ ಇದೆ.

ಬಿಡುಗಡೆಯಾದ ಸಮ್ಮಟಿಗಕ್ಕ, ಮರದ ಕಾಲಿನ ನಾದಿನಿ, ಇಬ್ಬರೂ ಈಗ ಕೆಳತುದಿಯ ಒಂದೇ ಕೋಣೆಯಲ್ಲಿದ್ದಾರೆ. ನಡುವೆ ಗೋಡೆಯಿಲ್ಲದ್ದರಿಂದ ಜಗಳಕ್ಕೆ ತಡೆಯಿಲ್ಲ. ಅಕ್ಕನ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಹೊಡೆಯಬೇಕಾದಾಗ ನಾದಿನಿಯ ಮರದ ಕಾಲನ್ನು ಕಡ ಕೇಳುತ್ತಾಳೆ.

ಮೊನ್ನೆ ನಗರಸಭೆಯಿಂದ ಮತ್ತೊಬ್ಬ ಬಂದ, ಹೊಸಬ. ಕೈಯಲ್ಲಿ ಡಬ್ಬಿ. ಯಾರೋ ಹೇಳಿ ಕಳಿಸಿದ್ದರೇನೋ, ಬಣ್ಣದ ಕುಂಚ ಎತ್ತುವ ಮುಂಚೆ ಗೋಡೆ ತಟ್ಟಿದ. ಗಂಟಲು ಸರಿಮಾಡಿಕೊಂಡು, ಅಭ್ಯಾಸವಿಲ್ಲದ ದನಿಯಲ್ಲಿ ಕೂಗಿದ:

"ಒಳಗೆ... ಯಾರಿದ್ದೀರಿ?"

ಸಮ್ಮಟಿಗಕ್ಕ ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಮರದ ಕಾಲನ್ನು ಕಿಟಕಿಯಿಂದ ಹೊರಗೆ ಎಸೆದಾಗಿತ್ತು. ಅದು ಡಬ್ಬಿಗೆ ಬಡಿದು, ಬಣ್ಣ ಬಂದವನ ಮುಖದ ತುಂಬ ಚೆಲ್ಲಿತು.

"ಇದ್ದೀವಿ ಕಣೋ! ಇಬ್ಬರೂ ಇದ್ದೀವಿ!" ಎಂದು ಕೂಗಿದಳು. ಕೇರಿಯ ನಾಯಿಗಳೆಲ್ಲ ಬೊಗಳತೊಡಗಿದವು. "ಅದೇನು ಬಣ್ಣ, ಅದಕ್ಕೇನರ್ಥ ಅಂತ ಮೊದಲು ಬಾಯಲ್ಲಿ ಹೇಳು. ಆಮೇಲೆ ನನ್ನ ಕಾಲು ವಾಪಸು ಕೊಡು."